ಗ್ರೂಪ್‌ಗೆ ಹಾಕಿದರೆ ಹೇಳಿದಂತಾಯಿತೇ?

ಪತ್ರ: “ಪೋಷಕರ ಸಭೆ ಗುರುವಾರ ಬೆಳಿಗ್ಗೆ 11ಕ್ಕೆ ಎಂದು ಮೂರು ದಿನ ಮೊದಲೇ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಿದ್ದೆ. ಬಂದವರು ಒಂಬತ್ತೇ ಜನ. ಹೆತ್ತವರಿಗೇ ಕಾಳಜಿ ಇಲ್ಲದಿದ್ದರೆ ನಾವೇನು ಮಾಡೋಣ?”
– ಸರ್ಕಾರಿ ಶಾಲೆಯೊಂದರ ಮುಖ್ಯ ಶಿಕ್ಷಕರು

ಉತ್ತರ: ಗುರುಗಳೇ, ನಿಮ್ಮ ಬೇಸರ ಅರ್ಥವಾಗುತ್ತದೆ. ಪಾಠದ ಜೊತೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ ಎಲ್ಲವೂ ನಿಮ್ಮ ತಲೆ ಮೇಲೇ. ಆದರೆ ‘ಕಾಳಜಿ ಇಲ್ಲ’ ಅಂದಿರಲ್ಲ, ಆ ಮಾತು ಒಪ್ಪಲಾರೆ.

ಗುರುವಾರ 11 ಗಂಟೆಗೆ ಶಾಲೆಗೆ ಬಂದರೆ ಅವತ್ತಿನ ಕೂಲಿ ಹೋಯಿತು. ಮನೆಗೆ ಒಂದೇ ಮೊಬೈಲು ಇದ್ದರೆ ಅದು ಅಪ್ಪನ ಜೇಬಿನಲ್ಲಿ. ಅಮ್ಮನಿಗೆ ಸುದ್ದಿ ಮುಟ್ಟುವುದು ಹೇಗೆ?

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಶಾಲೆಯ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗಿ ಕಿರಾಣಿ ಅಂಗಡಿಯಲ್ಲಿ ಓದಿಸುತ್ತಿದ್ದಳು. ‘ನಿಮ್ಮ ಮಗ ಲೆಕ್ಕದಲ್ಲಿ ಹಿಂದೆ’ ಎಂದು ನಾಲ್ಕು ಜನರ ಮುಂದೆ ಕೇಳಿಸಿಕೊಂಡ ದಿನ ಏನೂ ಮಾತಾಡದೆ ರೊಟ್ಟಿ ಬಡಿದಳು. ಆಮೇಲೆ ಶಾಲೆ ಕಡೆ ಸುಳಿಯಲಿಲ್ಲ. ಮರುವರ್ಷ ಬಂದ ಹೊಸ ಮಾಸ್ತರು ಒಂದು ಸಂಜೆ ನಮ್ಮ ಕಟ್ಟೆ ಮೇಲೆ ಕೂತು, ಚಹಾ ಕುಡಿದು, “ನಿಮ್ಮ ಹುಡುಗ ಕತಿ ಛಲೋ ಹೇಳ್ತಾನ್ರೀ” ಅಂದರು. ಲೆಕ್ಕದ ಮಾತು ಎತ್ತಿದ್ದು ಏಳುವ ಹೊತ್ತಿಗೆ. ಮುಂದಿನ ವಾರ ಅವ್ವ ತಾನಾಗಿಯೇ ಶಾಲೆಗೆ ಬಂದು ಬಾಗಿಲಲ್ಲಿ ನಿಂತಳು: “ಈಗ ಹೆಂಗ ಮಾಡ್ತಾನ್ರೀ ಲೆಕ್ಕ?”

ಕಾನೂನಿಗೇನೂ ಕಮ್ಮಿ ಇಲ್ಲ. ಪೋಷಕರೂ ಸೇರಿ ಶಾಲೆ ನೋಡಿಕೊಳ್ಳುವ ಸಮಿತಿ, ಅಂದರೆ ಎಸ್‌ಡಿಎಂಸಿ, ನಮ್ಮಲ್ಲಿ ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆದರೆ ಎಷ್ಟೋ ಕಡೆ ಸಭೆಯೇ ನಡೆಯುವುದಿಲ್ಲ, ನಡಾವಳಿ ಪುಸ್ತಕ ಮಾತ್ರ ಹುಡುಗರ ಕೈಲಿ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಸದಸ್ಯೆಗೆ ತಾನು ಸದಸ್ಯೆ ಅನ್ನೋದೇ ಗೊತ್ತಿರುವುದಿಲ್ಲ!

ಇನ್ನೊಂದು ಮಾತು, ಸಿಟ್ಟಾಗಬೇಡಿ. ರಾತ್ರಿ ಒಂಬತ್ತಕ್ಕೆ ಮೇಲಿನವರಿಂದ ‘ತುರ್ತು, ನಾಳೆಯೊಳಗೆ ಮಾಹಿತಿ ಕೊಡಿ’ ಎಂದು ಮೆಸೇಜ್ ಬಂದಾಗ ನಿಮಗೆ ಹೇಗಾಗುತ್ತದೆ? ಅವರು ನಿಮ್ಮನ್ನು ಏನೂ ಕೇಳುವುದಿಲ್ಲ, ಸುಮ್ನೆ ಹೇಳುತ್ತಾರೆ. ನಿಮ್ಮ ಗ್ರೂಪ್ ತೆಗೆದು ನೋಡಿ. ಆಧಾರ್, ಗೈರುಹಾಜರಿ. ಅಲ್ಲೂ ಅದೇ ಆಗಿದೆ ಅಲ್ವಾ? ಇಲಾಖೆ ಶಿಕ್ಷಕರ ಮಾತು ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅದರ ನೋವು ಗೊತ್ತಿರುವ ನೀವೇ ಅದನ್ನು ಪೋಷಕರಿಗೆ ದಾಟಿಸಬೇಡಿ.

ಮುಂದಿನ ಸಭೆ ಸಂಜೆ ಏಳಕ್ಕೆ ಇಡಿ. ಶಾಲೆಯ ಅಂಗಳದಲ್ಲೇ ಇರಲಿ, ಗುಡಿ ಕಟ್ಟೆ ಬೇಡ. ಅಲ್ಲಿಗೆ ಎಲ್ಲ ಕೇರಿಯವರೂ ಬರುವುದಿಲ್ಲ. ಬಂದಿದ್ದ ಒಂಬತ್ತು ಜನರನ್ನೇ ಜೊತೆಗೆ ಕರೆದುಕೊಂಡು ಉಳಿದವರ ಮನೆಗೆ ಹೋಗಿ. ಎಷ್ಟು ಜನ ಬಂದರು ಅಂತ ನನಗೊಂದು ಕಾಗದ ಹಾಕಿ.