ಮೊದಲ ಸಂಬಳಕ್ಕೆ ಟಿಡಿಎಸ್: ಹಳೇ ಪದ್ಧತಿ ಹಾಕಲೋ, ಹೊಸದು ಹಾಕಲೋ?

ಕಾಲೇಜು ಮುಗಿಸಿ ಆಗಸ್ಟ್ 2025ಕ್ಕೆ ಕಲಬುರಗಿಯಲ್ಲೇ ಕೆಲಸಕ್ಕೆ ಸೇರೀನಿ, ಸಂಬಳ 52,000, ಎಚ್‌ಆರ್‌ನವರು ಯಾವ ತೆರಿಗೆ ಪದ್ಧತಿ ಅಂತ ಕೇಳ್ತಾರ, ಮಾವ ವಿಮೆ ಮಾಡಿಸು ಅಂತಾನ ಅಂತ ಕೇಳಿದ್ದೀರಿ. ಹೊಸ ಪದ್ಧತಿ ಅಂತ ಬರೆದುಕೊಟ್ಟುಬಿಡ್ರಿ.

ಕಂಪನಿ ಟಿಡಿಎಸ್, ಅಂದ್ರೆ ಸಂಬಳದಲ್ಲೇ ಹಿಡಿಯೋ ಆದಾಯ ತೆರಿಗೆ, ಲೆಕ್ಕ ಹಾಕೋದು ಮಾರ್ಚ್‌ವರೆಗಿನ ನಿಮ್ಮ ಒಟ್ಟು ಸಂಬಳದ ಮೇಲೆ. ನಿಮಗೆ 8 ತಿಂಗಳಿಗೆ 4,16,000. ಈ ವರ್ಷ ಯಾವುದು ಹಾಕಿದರೂ ತೆರಿಗೆ ಸೊನ್ನೆ. ವ್ಯತ್ಯಾಸ ಕಾಣೋದು ಪೂರ್ತಿ 12 ತಿಂಗಳ ಸಂಬಳ, ಅಂದ್ರೆ 6,24,000 ಹಿಡಿದಾಗ. ಹಳೇದರಲ್ಲಿ ಉಳಿತಾಯ ಏನೂ ತೋರಿಸದಿದ್ದರೆ ಸುಮಾರು 28 ಸಾವಿರ ಹೋಗುತ್ತೆ. ಹೊಸದರಲ್ಲಿ ಸಂಬಳದಾರರಿಗೆ ತಾನಾಗೇ ಸಿಗೋ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 12 ಲಕ್ಷದೊಳಗಿನ ಆದಾಯಕ್ಕೆ ರಿಬೇಟ್, ಅಂದ್ರೆ ತೆರಿಗೆ ಮಾಫಿ, ಸಿಗೋದರಿಂದ ಒಂದು ಪೈಸೆಯೂ ಇಲ್ಲ. ನೀವು ಸ್ವಂತ ಮನೆಯಲ್ಲೇ ಇದ್ದೀರಿ, ಹಳೇದರಲ್ಲಿ ಬಾಡಿಗೆ ತೋರಿಸಿ ತೆರಿಗೆ ಇಳಿಸೋ ಮಾತೂ ಬರಲ್ಲ.

ಇನ್ನು ಮಾವನ ವಿಷಯ. ನಾನು 2013ರಲ್ಲಿ ಸೇಡಂನಿಂದ ಬಂದು ಸೂಪರ್ ಮಾರ್ಕೆಟ್ ಹತ್ತಿರ ಕೆಲಸಕ್ಕೆ ಸೇರಿದಾಗ ನಮ್ಮ ಕಾಕಾನೂ ಹಿಂಗೇ ಫಾರ್ಮ್ ಹಿಡಕೊಂಡು ಬಂದಿದ್ದ. ವರ್ಷಕ್ಕೆ 24 ಸಾವಿರದ ಪಾಲಿಸಿ. ನನ್ನ ಸಂಬಳ ಆಗ ತಿಂಗಳಿಗೆ 14 ಸಾವಿರ, ತೆರಿಗೆ ಮಿತಿ ವರ್ಷಕ್ಕೆ 2 ಲಕ್ಷ. ಇಲ್ಲದ ತೆರಿಗೆ ಉಳಿಸಲಿಕ್ಕೆ ರೊಕ್ಕ ಕಟ್ಟಿದೆ! ಎರಡು ಕಂತು ಕಟ್ಟಿ ಕೈಬಿಟ್ಟೆ, ಮೂರು ವರ್ಷ ತುಂಬಿರಲಿಲ್ಲ ಅಂತ ಏನೂ ವಾಪಸ್ ಬರಲಿಲ್ಲ. ಕಾಕಾನ ಮುಂದೆ ಇವತ್ತಿಗೂ ಆ ಮಾತು ಎತ್ತಿಲ್ಲ. ಮನೆಯವರಿಗೆ ಆಧಾರ ಬೇಕು ಅಂದ್ರೆ ವಿಮೆ ಮಾಡಿಸ್ರಿ, ಅದು ಬೇರೆ ಮಾತು. ಹೊಸ ಪದ್ಧತಿಯಲ್ಲಿ ಕಂತಿನ ಮೇಲೆ ತೆರಿಗೆ ವಿನಾಯಿತಿ ಇಲ್ಲ ಅಂತ ಮಾವನಿಗೆ ನೇರ ಹೇಳ್ರಿ.

ಪ್ಯಾನ್ ನಂಬರ್ ಮಾತ್ರ ಮೊದಲ ದಿನವೇ ಕೊಡ್ರಿ. ಎಚ್‌ಆರ್‌ಗೆ ಬರೆದುಕೊಟ್ಟದ್ದು ಕಲ್ಲಿನ ಶಾಸನ ಅಲ್ಲ, ಸಂಬಳದಾರರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಹೆಚ್ಚು ಕಡಿತ ಆಗಿದ್ದರೆ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತೆ. ನಡುವೆ ಕೆಲಸ ಬದಲಿಸಿದರೆ ಹಳೇ ಸಂಬಳದ ಲೆಕ್ಕ ಹೊಸ ಕಂಪನಿಗೆ ಕೊಡೋದು ಮರೀಬ್ಯಾಡ್ರಿ.

ಸ್ಲಿಪ್ಪಿನಲ್ಲಿ ತಿಂಗಳಿಗೆ 200 ರೂಪಾಯಿ ಕಡಿತ ಕಂಡರೆ ಎಚ್‌ಆರ್ ಜೊತೆ ಜಗಳಕ್ಕೆ ಹೋಗಬ್ಯಾಡ್ರಿ. ಅದು ಆದಾಯ ತೆರಿಗೆ ಅಲ್ಲ, ರಾಜ್ಯದ ವೃತ್ತಿ ತೆರಿಗೆ. ಫೆಬ್ರವರಿಯಲ್ಲಿ 300 ಹೋಗುತ್ತೆ.