ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕ್ಯಾನ್ಸರ್ ಚಿಕಿತ್ಸೆ ನಡೆಯುವ ದಿನಗಳಲ್ಲಿ

ಪ್ರಶ್ನೆ: ಅವ್ವನಿಗೆ 52 ವರ್ಷ. ಗರ್ಭಕಂಠದ ಕ್ಯಾನ್ಸರ್, ಅಕ್ಕಪಕ್ಕಕ್ಕೆ ಹಬ್ಬಿದೆ ಅಂದಿದ್ದಾರೆ. ಆಪರೇಷನ್ ಬೇಡ, ಕರೆಂಟು ಕೊಡುತ್ತೇವೆ, ವಾರಕ್ಕೊಮ್ಮೆ ಕೀಮೋ ಅನ್ನುತ್ತಾರೆ. ಡಾಕ್ಟರು ಕೈ ಬಿಟ್ಟರು ಅಂತ ತಿಳಿಯಬೇಕೇ?
– ಸಿಂಧನೂರಿನ ಓದುಗರು

ಉತ್ತರ: ಖಂಡಿತ ಇಲ್ಲ. ಗಡ್ಡೆ ಗರ್ಭಕಂಠ ದಾಟಿ ಹಬ್ಬಿದ ಮೇಲೆ ಅದನ್ನು ಒಂದಿಷ್ಟೂ ಉಳಿಯದಂತೆ ಕತ್ತರಿಸಿ ತೆಗೆಯುವುದು ಕಷ್ಟ. ವಿಕಿರಣ (ಜನ ಕರೆಂಟು ಎನ್ನುವುದು ಇದನ್ನೇ) ಮತ್ತು ಕೀಮೋ ಎರಡನ್ನೂ ಒಟ್ಟಿಗೆ ಕೊಡುವುದೇ ಈ ಹಂತದಲ್ಲಿ ರೋಗ ಗುಣಪಡಿಸಲೆಂದು ಮಾಡುವ ಚಿಕಿತ್ಸೆ.

ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಹೊಟ್ಟೆಯ ಮೇಲೆ ಗುರುತು ಹಾಕುತ್ತಾರೆ. ಸ್ನಾನ ಮಾಡುವಾಗ ಅದನ್ನು ಸೋಪು ಹಚ್ಚಿ ಉಜ್ಜಬೇಡಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಮ್ಮೆಯಂತೆ, ಸಾಮಾನ್ಯವಾಗಿ 25 ಸಲ ಹೊರಗಿನಿಂದ ಕಿರಣ ಬಿಡುತ್ತಾರೆ. ಮಶಿನ್ ಕೆಳಗೆ ಮಲಗಬೇಕಾದದ್ದು ಕೆಲವೇ ನಿಮಿಷ, ನೋವು ಇರುವುದಿಲ್ಲ. ಮೂತ್ರ ಕಟ್ಟಿಕೊಂಡು ಬನ್ನಿ ಎಂದರೆ ಹಾಗೆಯೇ ಹೋಗಿ. ತುಂಬಿದ ಮೂತ್ರಕೋಶ ಸಣ್ಣಕರುಳನ್ನು ಮೇಲಕ್ಕೆ ಸರಿಸಿ ಕಿರಣದಿಂದ ಕಾಪಾಡುತ್ತದೆ. ವಾರದ ಕೀಮೋ ಹೆಚ್ಚಾಗಿ ಸಿಸ್ಪ್ಲಾಟಿನ್. ಅದು ಕಿಡ್ನಿಗೆ ಪೆಟ್ಟು ಕೊಡಬಲ್ಲದು, ಅದಕ್ಕೇ ಜೊತೆಯಲ್ಲಿ ಸಲೈನ್ ಹಾಕುತ್ತಾರೆ. ನಿಮ್ಮ ಭಾಗದ ಏಪ್ರಿಲ್–ಮೇ ಬಿಸಿಲಲ್ಲಿ ದಿನಕ್ಕೆ ಎರಡೂವರೆ ಲೀಟರಿಗೆ ಕಡಿಮೆ ಇಲ್ಲದಂತೆ ನೀರು ಕುಡಿಸಿ (ಹೃದಯದ ತೊಂದರೆ ಇದ್ದರೆ ಎಷ್ಟು ಎಂದು ಕೇಳಿಕೊಳ್ಳಿ). ಮೂರನೇ ವಾರದ ಹೊತ್ತಿಗೆ ಭೇದಿ ಶುರುವಾಗಬಹುದು. ಓ.ಆರ್.ಎಸ್. ಕೊಡಿ, ಅನ್ನ–ಮಜ್ಜಿಗೆ ಉಣಿಸಿ, ಡಾಕ್ಟರಿಗೆ ತಿಳಿಸಿ. ಅದಕ್ಕಾಗಿ ನೀವಾಗಿಯೇ ಕರೆಂಟು ತಪ್ಪಿಸಬೇಡಿ.

ಹೊರಗಿನ ಕಿರಣದ ನಂತರ ಗರ್ಭಕೋಶದೊಳಗೆ ಸಣ್ಣ ನಳಿಕೆ ಇಟ್ಟು ಒಳಗಿನಿಂದ ಕಿರಣ ಕೊಡುವುದಿರುತ್ತದೆ. ಆಸ್ಪತ್ರೆಯ ಪದ್ಧತಿಯಂತೆ ಮೂರರಿಂದ ಐದು ಸಲ. ಬಹಳ ಕುಟುಂಬಗಳು ಎಡವುವುದು ಇಲ್ಲಿಯೇ. 25 ಮುಗಿಯುವಷ್ಟರಲ್ಲಿ ರಕ್ತ ಹೋಗುವುದು ನಿಂತಿರುತ್ತದೆ, ನೋವು ಇಳಿದಿರುತ್ತದೆ, ಊರಲ್ಲಿ ಹತ್ತಿ ಬಿಡಿಸುವುದೋ ಭತ್ತದ ಕೊಯ್ಲೋ ಬಂದಿರುತ್ತದೆ. ಆರಾಮಾಯಿತು ಎಂದು ಊರಿಗೆ ಹೋದವರು ತಿಂಗಳು ಬಿಟ್ಟು ಬರುತ್ತಾರೆ. ಗಡ್ಡೆಯ ನಡುಭಾಗಕ್ಕೆ ಬೇಕಾದಷ್ಟು ಪ್ರಮಾಣ ತಲುಪುವುದು ಒಳಗಿನ ಕಿರಣದಿಂದಲೇ. ಒಳಗಿನದು, ಹೊರಗಿನದು ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ರೋಗ ಮರುಕಳಿಸುವ ಸಂಭವ ಹೆಚ್ಚು. ದಿನಾಂಕಗಳನ್ನು ಮೊದಲೇ ಬರೆಸಿಕೊಂಡು, ಎರಡು ತಿಂಗಳು ಅವ್ವನ ಜೊತೆ ಯಾರು ಇರುತ್ತೀರಿ ಎಂಬುದನ್ನು ಮನೆಯಲ್ಲಿ ಈಗಲೇ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಅಣ್ಣನಿಗೆ 21 ದಿನಕ್ಕೊಮ್ಮೆ ಕೀಮೋ. ಮನೆಗೆ ಬಂದು ಹತ್ತನೇ ದಿನ ಚಳಿಜ್ವರ ಬಂತು. ಮಾತ್ರೆ ನುಂಗಿ ಮಲಗಿದ, ಬೆಳಿಗ್ಗೆ ಇಳಿದಿತ್ತು. ಮತ್ತೆ ಬಂದರೆ ಏನು ಮಾಡಬೇಕು?
– ಗಂಗಾವತಿಯ ಓದುಗರು

ಉತ್ತರ: ಮತ್ತೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಕೀಮೋ ಔಷಧ ಬೇಗಬೇಗ ಹುಟ್ಟುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕ್ಯಾನ್ಸರಿನವು ಸಾಯುವುದು ಹೀಗೆ, ಕೂದಲು ಉದುರುವುದೂ ಬಾಯಿ ಹುಣ್ಣಾಗುವುದೂ ಹೀಗೆಯೇ. ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳೂ ಅದೇ ಪೆಟ್ಟಿಗೆ ಸಿಗುತ್ತವೆ. ಬಹಳಷ್ಟು ಔಷಧಗಳಲ್ಲಿ 7ರಿಂದ 14ನೇ ದಿನದ ನಡುವೆ ಅವುಗಳ ಸಂಖ್ಯೆ ತಳ ಮುಟ್ಟಿರುತ್ತದೆ. ಆಗ ಬರುವ ಸೋಂಕಿಗೆ ಕೀವು, ಬಾವು ಏನೂ ಕಾಣದಿರಬಹುದು, ಜ್ವರವೊಂದೇ ಗುರುತು. ಕೆಲವೇ ತಾಸುಗಳಲ್ಲಿ ಸೋಂಕು ರಕ್ತಕ್ಕೆ ಇಳಿದು ಬಿ.ಪಿ. ಕುಸಿಯಬಹುದು.

ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಅಥವಾ ಹೆಚ್ಚು ತೋರಿಸಿದರೆ, ಇಲ್ಲವೇ ಮೈ ನಡುಗಿ ಚಳಿ ಬಂದರೆ, ರಾತ್ರಿ ಎರಡಾಗಿದ್ದರೂ ಹೊರಡಿ. ಮೊದಲೇ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಹಾಗೇ ಬೆಳೆಯುತ್ತದೆ. ಕೀಮೋ ಕೊಟ್ಟ ಆಸ್ಪತ್ರೆ ಬೆಂಗಳೂರಿನಲ್ಲಿದ್ದರೆ ಅಲ್ಲಿಗೇ ಹೋಗುತ್ತೇವೆಂದು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ ಸೇರಿ, ದಾರಿಯಲ್ಲಿ ಕೀಮೋ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಒಳಗೆ ಕಾಲಿಟ್ಟ ಕೂಡಲೇ ‘ಕೀಮೋ ಆಗಿ ಇಂತಿಷ್ಟು ದಿನ, ಈಗ ಜ್ವರ’ ಎಂದು ಹೇಳಿ, ಡಿಸ್ಚಾರ್ಜ್ ಚೀಟಿ ತೋರಿಸಿ. ರಕ್ತಕಣಗಳ ಎಣಿಕೆಗೆ ಮತ್ತು ಕಲ್ಚರ್‌ಗೆ (ರೋಗಾಣು ಯಾವುದೆಂದು ಪತ್ತೆಹಚ್ಚುವ ಪರೀಕ್ಷೆ) ರಕ್ತ ತೆಗೆದು, ವರದಿಗೆ ಕಾಯದೆ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ನರಕ್ಕೆ ಹೋಗಬೇಕು. ಮಲೇರಿಯಾ, ಡೆಂಗಿ ಪರೀಕ್ಷೆಗಳೂ ಆಗಲಿ, ಆದರೆ ಅವುಗಳ ವರದಿಗಾಗಿ ಈ ಔಷಧ ನಿಲ್ಲಬಾರದು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಷ್ಟಿದೆ ಎಂದು ತಿಳಿಯದೆ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದೂ ಬೇಡ.

ಮುಂದಿನ ಸಲ ಕೀಮೋಗೆ ಹೋದಾಗ ಹಳೆಯ ಜ್ವರದ ವಿಷಯ ತಪ್ಪದೆ ಹೇಳಿ. ಪ್ರಮಾಣ ತಗ್ಗಿಸುವುದೋ ಬಿಳಿಕಣ ಹೆಚ್ಚಿಸುವ ಇಂಜೆಕ್ಷನ್ ಸೇರಿಸುವುದೋ ಅವರು ನಿರ್ಧರಿಸುವುದು ಅದರ ಮೇಲೆ.

ಪ್ರಶ್ನೆ: ಗುಟ್ಕಾದಿಂದ ನಮ್ಮವರಿಗೆ ಬಾಯಿ ಕ್ಯಾನ್ಸರ್ ಆಗಿ ಆಪರೇಷನ್ ಆಗಿದೆ. ಕರೆಂಟಿಗೆ ಮೊದಲು ಹುಳುಕು ಹಲ್ಲು ಕೀಳಿಸಿ ಅನ್ನುತ್ತಾರೆ. ಆಮೇಲೆ ಕೀಳಿಸಿದರಾಗದೇ?
– ಸಿರುಗುಪ್ಪದ ಓದುಗರು

ಉತ್ತರ: ಆಗುವುದಿಲ್ಲ. ಕಿರಣ ಬಿದ್ದ ದವಡೆಗೆ ರಕ್ತ ಸಂಚಾರ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಸಾಯಬಹುದು, ಈ ಅಪಾಯ ವರ್ಷಗಳವರೆಗೆ ಇರುತ್ತದೆ. ಈಗ ಕೀಳಿಸಿ, ಗಾಯ ಮಾಯಲು ಎರಡು ವಾರ ಸಿಗಲಿ. ಆಪರೇಷನ್ನಾದ 6 ವಾರದೊಳಗೆ ಕರೆಂಟು ಶುರುವಾಗಬೇಕು, ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಈ ವಾರವೇ ಹೋಗಿ.

ಎರಡನೇ ವಾರದಿಂದ ಬಾಯಿ ಹುಣ್ಣಾಗುತ್ತದೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಎರಡು ತಾಸಿಗೊಮ್ಮೆ ಬಾಯಿ ಮುಕ್ಕಳಿಸಲಿ. ಖಡಕ್ ರೊಟ್ಟಿ, ಕೆಂಪು ಚಟ್ನಿ ಸದ್ಯಕ್ಕೆ ಬೇಡ. ಜೋಳದ ನುಚ್ಚಿಗೆ ಮೊಸರು, ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ಬೇಳೆ, ಬೇಯಿಸಿದ ಮೊಟ್ಟೆ ಹಿಸುಕಿ ಕೊಡಿ. ವಾರಕ್ಕೊಮ್ಮೆ ತೂಕ ನೋಡಿ. ಇಳಿಯುತ್ತಲೇ ಹೋದರೆ ಮೂಗಿನ ನಳಿಕೆಯಿಂದ ಆಹಾರ ಕೊಡಲು ಒಪ್ಪಿಕೊಳ್ಳಿ, ಅದು ಕೆಲವು ವಾರಗಳ ಮಾತು. ದಿನವೂ ಬಾಯಿ ಅಗಲಿಸುವ ವ್ಯಾಯಾಮ ಬಿಟ್ಟರೆ ದವಡೆ ಬಿಗಿದುಕೊಳ್ಳುತ್ತದೆ. ಗುಟ್ಕಾ ಪೂರ್ತಿ ಬಿಡಲೇಬೇಕು.

ಪ್ರಶ್ನೆ: ಬೆಂಗಳೂರಿಗೆ ಓಡಾಡುವ ಖರ್ಚಿಗೇ ಸಾಲವಾಗಿದೆ. ಏನಾದರೂ ಅನುಕೂಲ ಇದೆಯೇ?
– ಕೊಪ್ಪಳದ ಓದುಗರು

ಉತ್ತರ: ಇದೆ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆ ಶುರುವಾಗುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ. ನಿಮ್ಮವರ ಚಿಕಿತ್ಸೆ ಅಲ್ಲಿ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವುದಾದರೆ, ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸಹಿ, ಮೊಹರು ಇರುವ ಪ್ರಮಾಣಪತ್ರ ಪಡೆದು, ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ ತೋರಿಸಿ ಟಿಕೆಟ್ ಮಾಡಿಸಿ.