ಡಿಜಿಕ್ಯಾಮ್‌ನಲ್ಲಿ ಹಾಕಿದ ಟ್ಯಾಗ್‌ಗಳು ಹೊಸ ಕಂಪ್ಯೂಟರ್‌ನಲ್ಲಿ ಯಾಕೆ ಕಾಣುತ್ತಿಲ್ಲ? ಕನ್ನಡದಲ್ಲಿ ಟ್ಯಾಗ್ ಮಾಡಬಹುದೇ?

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಫೋಟೋ ಜೋಡಿಸಿಡುವ ತಂತ್ರಾಂಶವಾದ ಡಿಜಿಕ್ಯಾಮ್ ಬಳಸಿ 12 ಸಾವಿರ ಫೋಟೋಗಳಿಗೆ ಟ್ಯಾಗ್ (ಹುಡುಕಲು ನೆರವಾಗುವ ಗುರುತಿನ ಪದ) ಹಾಕಿ, ಫೋಟೋ ಫೋಲ್ಡರ್‌ಗಳನ್ನು ಮಾತ್ರ ಹೊಸದಕ್ಕೆ ಕಾಪಿ ಮಾಡಿದೆ, ಈಗ ಒಂದು ಟ್ಯಾಗೂ ಇಲ್ಲ ಎಂದಿದ್ದೀರಿ. ಹಳೆಯ ಲ್ಯಾಪ್‌ಟಾಪ್ ಇನ್ನೂ ಇದ್ದರೆ ನಿಮ್ಮ ಶ್ರಮ ಹಾಳಾಗಿಲ್ಲ. ಅದನ್ನು ಫಾರ್ಮ್ಯಾಟ್ ಮಾತ್ರ ಮಾಡಬೇಡಿ.

ಡಿಜಿಕ್ಯಾಮ್ ಟ್ಯಾಗ್‌ಗಳನ್ನು ಮೊದಲು ಬರೆದಿಡುವುದು ತನ್ನದೇ ಡೇಟಾಬೇಸ್‌ನಲ್ಲಿ. ಅದರ ಫೈಲ್ ಹೆಸರು ಡಿಜಿಕ್ಯಾಮ್4.ಡಿಬಿ (digikam4.db). ಫೋಟೋದೊಳಕ್ಕೂ ಬರೆ ಎಂದು ನಾವು ಹೇಳದಿದ್ದರೆ ಫೋಟೋಗೆ ಅದು ಏನನ್ನೂ ಸೇರಿಸುವುದಿಲ್ಲ. ನಿಮಗೆ ಆಗಿರುವುದು ಇದೇ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲು ಫೋಟೋಗಳ ಇನ್ನೊಂದು ಪ್ರತಿ ತೆಗೆದಿಡಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಕಾನ್ಫಿಗರ್ ಡಿಜಿಕ್ಯಾಮ್ ತೆರೆದು, ಮೆಟಾಡೇಟಾ (ಫೋಟೋ ಜತೆ ಬರೆದಿಡುವ ಮಾಹಿತಿ) ಪುಟದ ಬಿಹೇವಿಯರ್ ಭಾಗದಲ್ಲಿ ಇಮೇಜ್ ಟ್ಯಾಗ್ಸ್, ಕ್ಯಾಪ್ಷನ್, ರೇಟಿಂಗ್, ಫೇಸ್ ಟ್ಯಾಗ್ಸ್‌ಗಳಿಗೆ ಟಿಕ್ ಹಾಕಿ. ಇಷ್ಟು ಮಾಡಿದರೆ ಮುಂದೆ ಹಾಕುವ ಟ್ಯಾಗ್‌ಗಳಿಗೆ ಮಾತ್ರ ಅನ್ವಯ. ಹಿಂದಿನವನ್ನು ಫೈಲ್‌ಗೆ ಇಳಿಸಲು ಟೂಲ್ಸ್ ಮೆನುವಿನ ಮೆಂಟೆನೆನ್ಸ್‌ಗೆ ಹೋಗಿ, ಮೆಟಾಡೇಟಾ ಮತ್ತು ಡೇಟಾಬೇಸ್ ಸಿಂಕ್ ಆರಿಸಿ. ಇಲ್ಲಿ ದಿಕ್ಕನ್ನು ಎರಡು ಸಲ ನೋಡಿಕೊಳ್ಳಿ: ಡೇಟಾಬೇಸ್‌ನಿಂದ ಫೋಟೋಗೆ ಎಂದಿರಬೇಕು. ತಿರುಗುಮುರುಗಾದರೆ ಟ್ಯಾಗ್ ಇಲ್ಲದ ಫೈಲ್‌ಗಳನ್ನು ಓದಿಕೊಂಡು ಡೇಟಾಬೇಸ್‌ನಲ್ಲಿ ಇರುವುದೂ ಅಳಿಯಬಹುದು. ಹಾಗಾಗಿ ಡಿಜಿಕ್ಯಾಮ್ ಮುಚ್ಚಿ ಆ ಡಿಬಿ ಫೈಲನ್ನೂ ಮೊದಲೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಮುಗಿದ ಮೇಲೆ ವಿಂಡೋಸ್‌ನಲ್ಲಿ ಯಾವುದಾದರೂ ಒಂದು ಜೆಪೆಗ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ನೋಡಿ. ಟ್ಯಾಗ್ಸ್ ಎಂಬಲ್ಲಿ ನಿಮ್ಮ ಪದಗಳು ಕಂಡರೆ ಅವು ಫೋಟೋದೊಳಗೆ ಕೂತಿವೆ, ಇನ್ನು ಎಲ್ಲಿಗೆ ಕಾಪಿ ಮಾಡಿದರೂ ಜತೆಗೇ ಬರುತ್ತವೆ. ರಾ ಫೈಲ್‌ಗಳಿಗೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್‌ಗಳಿಗೆ) ಮಾತ್ರ ಒಳಗೆ ಬರೆಸಬೇಡಿ. ಅವಕ್ಕೆ ಎಕ್ಸ್‌ಎಂಪಿ ಸೈಡ್‌ಕಾರ್ ಆಯ್ಕೆ ಇದೆ. ಫೋಟೋ ಪಕ್ಕದಲ್ಲೇ ಅದೇ ಹೆಸರಿನ ಪುಟ್ಟ ಫೈಲ್ ಹುಟ್ಟುತ್ತದೆ. ರಾ ಫೈಲನ್ನು ಡಿಜಿಕ್ಯಾಮ್‌ನ ಹೊರಗೆ ಸ್ಥಳಾಂತರಿಸುವಾಗ ಆ ಪುಟ್ಟ ಫೈಲನ್ನು ಮರೆತರೆ ಮತ್ತೆ ಇದೇ ಕಥೆ.

ಕನ್ನಡದಲ್ಲಿ ಧಾರಾಳವಾಗಿ ಟ್ಯಾಗ್ ಮಾಡಿ. ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ಉದ್ದ. ಫೋಟೋದೊಳಗೆ ಮಾಹಿತಿ ಬರೆಯುವ ಹಳೆಯ ಐಪಿಟಿಸಿ ಪದ್ಧತಿಯಲ್ಲಿ ಒಂದು ಕೀವರ್ಡ್‌ಗೆ, ಅಂದರೆ ಟ್ಯಾಗ್‌ಗೆ, 64 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ 3, ಅದರ ಗುಣಿತ ಚಿಹ್ನೆಗೆ ಮತ್ತೆ 3, ಒತ್ತಕ್ಷರಕ್ಕೆ ಇನ್ನೂ 6 ಹೋಗುತ್ತವೆ. ‘ಮೈಸೂರು ದಸರಾ ಜಂಬೂಸವಾರಿ ಮೆರವಣಿಗೆ’ ಎಂದರೆ 84 ಬೈಟ್. ಮಿತಿ ಪಾಲಿಸುವ ತಂತ್ರಾಂಶ ಇದರ ಬಾಲ ಕತ್ತರಿಸುತ್ತದೆ. ‘ಜಂಬೂಸವಾರಿ’ ಬರೀ 27. ಅದಕ್ಕಿಂತ ಹೊಸ ಪದ್ಧತಿಯಾದ ಎಕ್ಸ್‌ಎಂಪಿಯಲ್ಲಿ ಈ ಮಿತಿ ಇಲ್ಲ, ಆದರೂ ಟ್ಯಾಗ್ ಎಂದರೆ ಒಂದೆರಡು ಪದ. ವಾಕ್ಯವನ್ನು ಕ್ಯಾಪ್ಷನ್‌ನಲ್ಲಿ ಬರೆಯಿರಿ.

ಎರಡನೆಯದು ಕಣ್ಣಿಗೆ ಕಾಣದ್ದು, ಹಾಗಾಗಿ ಹೆಚ್ಚು ಕಾಡುವಂಥದ್ದು. ‘ಹಂಪಿ’ ಮತ್ತು ‘ಹ೦ಪಿ’ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪದ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ‘ಕಬ್ಬನ್ ಪಾರ್ಕ್’ ಕೊನೆಯಲ್ಲಿ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಚಿಹ್ನೆ ಸೇರಿಸಿದರೂ ಹೀಗೇ ಆಗುತ್ತದೆ. ಆದ್ದರಿಂದ ಪ್ರತಿ ಸಲ ಹೊಸದಾಗಿ ಟೈಪ್ ಮಾಡದೆ, ಇರುವ ಪಟ್ಟಿಯಿಂದಲೇ ಟ್ಯಾಗ್ ಎಳೆದು ಹಾಕಿ. ಈಗಾಗಲೇ ಜೋಡಿ ಟ್ಯಾಗ್‌ಗಳಿದ್ದರೆ, ಎಡಗಡೆ ತಪ್ಪು ಟ್ಯಾಗ್ ಒತ್ತಿ, ಬಂದ ಫೋಟೋಗಳನ್ನೆಲ್ಲ ಆಯ್ದು ಸರಿಯಾದ ಟ್ಯಾಗ್ ಮೇಲೆ ಎಳೆದುಬಿಡಿ. ಆಮೇಲೆ ತಪ್ಪಾದದ್ದನ್ನು ಅಳಿಸಿ.

ಮೇಲಿನ ಹಂತಕ್ಕೆ ಜನ, ಜಾಗ, ಸಂದರ್ಭ ಈ ಮೂರು ಸಾಕು. ಹೊಸ ಟ್ಯಾಗ್ ಬರೆಯುವಾಗ ‘ಜಾಗ/ವಿಜಯನಗರ/ಹಂಪಿ’ ಎಂದು ಓರೆಗೆರೆ ಹಾಕಿದರೆ ಮೂರೂ ಒಂದರೊಳಗೊಂದು ತಾನಾಗಿ ಹುಟ್ಟುತ್ತವೆ. ವರ್ಷ, ತಿಂಗಳಿಗೆ ಟ್ಯಾಗ್ ಬೇಡ, ಕ್ಯಾಮೆರಾ ಅದನ್ನು ಬರೆದೇ ಇರುತ್ತದೆ. ಜನರಿಗೆ ‘ಅಜ್ಜಿ’, ‘ದೊಡ್ಡಪ್ಪ’ ಎನ್ನುವ ಬದಲು ಹೆಸರನ್ನೇ ಹಾಕಿ. ನಿಮ್ಮ ಅಜ್ಜಿ ನಿಮ್ಮ ಮಗಳಿಗೆ ಮುತ್ತಜ್ಜಿ. ನಾಳೆ ಹುಡುಕುವವರು ಅವಳೇ ಇರಬಹುದು.

ಇನ್ನೊಂದು ಮಾತು: ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಟ್ಯಾಗ್‌ಗಳು ಕಳಚಿಹೋಗುತ್ತವೆ. ಮನೆಯವರಿಗೆ ಟ್ಯಾಗ್ ಸಮೇತ ತಲುಪಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.